ಬೀಗ ನಮ್ಮದು, ಬೀಗದ ಕೈ ಅಂಗಡಿಯವರದು

ಹೋದ ತಿಂಗಳು ಒಂದು ಶುಕ್ರವಾರ ರಜೆ ಹಾಕಿ ಅಶೋಕಪುರಂನ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯೋ ಹೊತ್ತಿಗೆ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡ್ಕೊಂಡು ಬಂದಳು. "ಮಾವ, ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೇ ದಿನ, ಲಾಗಿನ್ನೇ ಆಗ್ತಿಲ್ಲ."

ಆ ವೆಬ್‌ಸೈಟಿಗೆ ಪಾಸ್‌ವರ್ಡ್ ಇಲ್ಲ. ಇಮೇಲ್ ವಿಳಾಸ ಕೊಟ್ಟರೆ ಒಂದು ಲಿಂಕ್ ಬರುತ್ತೆ, ಒತ್ತಿದರೆ ಅರ್ಧ ಒಳಗೆ. ಆಮೇಲೆ ಮೊಬೈಲಿಗೆ ಬರೋ ಒಟಿಪಿ ಹಾಕಿದರೆ ಪೂರ್ತಿ ಒಳಗೆ. ಬೆಂಗಳೂರಿನಲ್ಲಿ ಇಂಥದ್ದನ್ನೇ ಕಟ್ಟಿ ಸಂಬಳ ಎಣಿಸೋನು ನಾನು. ಇದರಲ್ಲೇನಿದೆ ಕಷ್ಟ ಅಂದುಕೊಂಡೆ.

ಕಷ್ಟ ಇತ್ತು. ಎರಡು ವರ್ಷದ ಹಿಂದೆ ಅವಳಿಗೆ ಆ ಇಮೇಲ್ ಮಾಡಿಕೊಟ್ಟಿದ್ದು ಸೈಬರ್ ಸೆಂಟರ್‌ನವರು. ಅದು ತೆರೆದುಕೊಳ್ಳೋದು ಅಲ್ಲಿನ ಕಂಪ್ಯೂಟರಿನಲ್ಲಿ ಮಾತ್ರ. ಮೊಬೈಲ್ ನಂಬರ್ ಭಾವನದು, ಅವರೋ ರೈಲ್ವೆ ವರ್ಕ್‌ಶಾಪಿನಲ್ಲಿ ಡ್ಯೂಟಿ ಮೇಲೆ. ಅಂಗಡಿಗೆ ಫೋನ್ ಮಾಡಿದರೆ ಪುಣ್ಯಾತ್ಮ ಲಿಂಕನ್ನು ತಾನೇ ಒತ್ತಿಬಿಟ್ಟ! ಅಂಗಡಿ ಕಂಪ್ಯೂಟರ್ ಒಳಗೆ ಹೋಯ್ತು, ನಮ್ಮ ಲ್ಯಾಪ್‌ಟಾಪ್ ಮಾತ್ರ "ನಿಮ್ಮ ಇಮೇಲ್ ನೋಡಿ" ಅಂತ ಕೂತಿತ್ತು. ಒಂದು ಸಲ ಒತ್ತಿದ ಲಿಂಕ್ ಮತ್ತೆ ನಡೆಯಲ್ಲ. ಇನ್ನೊಂದು ತರಿಸಿ, ಒತ್ತದೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ಅಂತ ಬೇಡಿಕೊಂಡೆ. ಆಮೇಲೆ ಭಾವ ಮೆಷಿನ್ ಸದ್ದಿನ ನಡುವೆ ಆರು ಅಂಕಿ ಕೂಗಿ ಹೇಳಿದರು. "ಒಟಿಪಿ ಯಾರಿಗೂ ಹೇಳಬೇಡಿ" ಅನ್ನೋ ಸಾಲನ್ನೂ ಸೇರಿಸಿ ಓದಿದರು ಪಾಪ.

ಈ ಲಿಂಕ್ ಪದ್ಧತಿಯನ್ನು ಪೂರ್ತಿ ಬಯ್ಯೋಕೆ ನನಗೆ ಮನಸ್ಸಿಲ್ಲ. ಹತ್ತು ಕಡೆ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳೋ ನಮ್ಮ ಚಾಳಿಗೆ ಇದು ಒಳ್ಳೆ ಮದ್ದು. ಸೈಟಿನ ಹತ್ತಿರ ಪಾಸ್‌ವರ್ಡೇ ಇಲ್ಲ ಅಂದಮೇಲೆ ಕದಿಯೋದೇನು? 2015ರಲ್ಲೇ ಮೀಡಿಯಂ ಇದನ್ನು ತಂದಿತ್ತು. ಆದರೆ ಇಮೇಲ್ ತೆರೆಯೋಕೆ ಆಗುತ್ತೆ ಅನ್ನೋದು ಕೈಯಲ್ಲಿ ಒಂದು ವಸ್ತು ಇದೆ ಅನ್ನೋದಕ್ಕೆ ಸಾಕ್ಷಿಯಲ್ಲ. ಅಮೆರಿಕದ ನಿಸ್ಟ್ ಸಂಸ್ಥೆಯ 2017ರ ಮಾರ್ಗಸೂಚಿ ಇದೇ ಕಾರಣಕ್ಕೆ ಇಂಥ ದೃಢೀಕರಣಕ್ಕೆ ಇಮೇಲ್ ಬಳಸಬಾರದು ಅನ್ನುತ್ತೆ. ನಮ್ಮಂಥವರ ಕಥೆಯೂ ದೊಡ್ಡದೇನಲ್ಲ: ಮೇಲ್, ಎಸ್ಸೆಮ್ಮೆಸ್ ಎರಡೂ ಬರೋದು ಒಂದೇ ಫೋನಿಗೆ. ಲಾಕ್ ಇಲ್ಲದ ಫೋನ್ ಬಸ್ಸಲ್ಲಿ ಬಿಟ್ಟರೆ ಎರಡು ಹಂತವೂ ಒಟ್ಟಿಗೆ ಹೋಯ್ತು.

ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಬೇಕು ಅಂತ ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಅಲ್ಲಿಂದ ಇಡೀ ದೇಶಕ್ಕೆ ಒಟಿಪಿ ಅಭ್ಯಾಸ ಆಗಿದೆ. ಹಾಗಂತ ಒಬ್ಬರಿಗೊಂದು ಫೋನು, ಒಬ್ಬರಿಗೊಂದು ಮೇಲು ಇದ್ದೇ ಇರುತ್ತೆ ಅಂತ ಡಿಸೈನ್ ಮಾಡೋದು ನಮ್ಮ ಆಫೀಸುಗಳ ಸೋಮಾರಿತನ. ಲಿಂಕ್ ಜೊತೆಗೆ ಟೈಪ್ ಮಾಡೋ ಕೋಡನ್ನೂ ಕಳಿಸಿದ್ದರೆ ನಮ್ಮ ಅರ್ಧ ಗೋಳು ತಪ್ಪುತ್ತಿತ್ತು. ಪಾಸ್‌ಕೀ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋ ಗೆಳೆಯರಿಗೆ ನನ್ನದೊಂದೇ ಪ್ರಶ್ನೆ: ಮೂರು ಜನರ ಮನೆಯಲ್ಲಿ ಒಂದೇ ಫೋನಿದ್ದರೆ ಅದು ಯಾರ ಬೆರಳಿಗೆ ತೆರೆಯಬೇಕು?

ಅರ್ಜಿ ಹೋಯ್ತು. ಸಂಜೆ ಅವಳನ್ನು ಕರ್ಕೊಂಡು ಅಂಗಡಿಗೆ ಹೋಗಿ ಮೇಲ್ ಪಾಸ್‌ವರ್ಡ್ ಬದಲಾಯಿಸಿ, ಅಲ್ಲಿಂದ ಲಾಗೌಟ್ ಮಾಡಿಸಿದೆ. "ಇನ್ನೂ ಎಷ್ಟು ಜನರದ್ದಿದೆ ಅಣ್ಣ?" ಅಂದೆ. ಅವರು ಮೇಜಿನ ಡ್ರಾಯರಿನಿಂದ ರಟ್ಟಿನ ನೋಟ್‌ಬುಕ್ ತೆಗೆದು ಪುಟ ತಿರುವಿದರು. "ಇದು ಈ ವರ್ಷದ್ದು" ಅಂದರು.