ರೂಢಿ ಮೀರಿದ ಗಿಟಾರುಗಳು: ನಾದ ಮತ್ತು ಕಸುಬಿನ ಮೌಲ್ಯಮಾಪನ

ವಾದ್ಯದ ವಿಮರ್ಶೆ ವಾದನದ ವಿಮರ್ಶೆಗಿಂತ ಭಿನ್ನವಾದುದು. ವಾದನವನ್ನು ಕೇಳಿ ನಿರ್ಣಯಿಸಬಹುದು. ವಾದ್ಯವನ್ನಾದರೋ ಕೇಳಬೇಕು, ನೋಡಬೇಕು, ಮುಟ್ಟಿ ಪರಿಶೀಲಿಸಬೇಕು. ಕೈಯಿಂದ ತಯಾರಾದ ಗಿಟಾರು ರೂಢಿಯ ಆಕಾರವನ್ನೋ ಮರವನ್ನೋ ಬಿಟ್ಟು ನಡೆದಾಗ ಈ ಮೂರು ಸಾಕ್ಷ್ಯಗಳು ಬೆರೆತು, ಕಣ್ಣಿನ ಅಭಿಪ್ರಾಯವೇ ಕಿವಿಯ ತೀರ್ಪಾಗಿ ದಾಖಲಾಗುವುದುಂಟು. ಇಂಥ ವಾದ್ಯವನ್ನು ಅದು ರೂಢಿಗೆ ಎಷ್ಟು ಹತ್ತಿರವಾಗಿದೆ ಎಂಬುದರಿಂದಲ್ಲ, ರೂಢಿಯನ್ನು ಬಿಟ್ಟು ಏನನ್ನು ಸಾಧಿಸಿತು ಎಂಬುದರಿಂದ ಅಳೆಯಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಆಧುನಿಕ ಶಾಸ್ತ್ರೀಯ ಗಿಟಾರಿನ ರೂಪವನ್ನು ನೆಲೆಗೊಳಿಸಿದ ಸ್ಪೇನಿನ ಅಂತೋನಿಯೊ ದೆ ತೋರೆಸ್ (1817–1892) ಸ್ವತಃ ರೂಢಿಯನ್ನು ಪರೀಕ್ಷೆಗೊಡ್ಡಿದವನು. 1862ರಲ್ಲಿ ಆತ ಮೇಲ್ಹಲಗೆಗೆ ಮಾತ್ರ ಮರವನ್ನು ಬಳಸಿ, ಬೆನ್ನು ಮತ್ತು ಪಕ್ಕೆಗಳನ್ನು ಕಾಗದದ ರಟ್ಟಿನಿಂದ ನಿರ್ಮಿಸಿದನು. ತಂತಿಯ ಕಂಪನ ಕುದುರೆಯ ಮೂಲಕ ಮೊದಲು ಸೇರುವುದು ಮೇಲ್ಹಲಗೆಯನ್ನು; ನಾದದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಅದೇ ಎಂಬುದು ಅವನ ಪ್ರತಿಪಾದನೆ. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿರುವ ಈ ವಾದ್ಯ ಬೆಡಗಿನ ವಸ್ತುವಲ್ಲ, ಮರದಲ್ಲಿಯೂ ರಟ್ಟಿನಲ್ಲಿಯೂ ಮಂಡಿಸಿದ ಒಂದು ವಾದ.

ಈ ವಾದಕ್ಕೆ ಸಮೀಪದ ಪ್ರಶ್ನೆಯೊಂದನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೆನ್ನು ಮತ್ತು ಪಕ್ಕೆಗಳ ಮರವನ್ನುಳಿದು ಸಾಧ್ಯವಾದಷ್ಟು ಒಂದೇ ರೀತಿಯಲ್ಲಿ ತಯಾರಿಸಿದ, ಉಕ್ಕಿನ ತಂತಿಯ 6 ಗಿಟಾರುಗಳನ್ನು 52 ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಧರಿಸಿ ನುಡಿಸಿದರು. ದುಬಾರಿಯಾದ ಬ್ರೆಜಿಲ್ ಬೀಟೆಗೂ ಅಗ್ಗದ ಮರಗಳಿಗೂ ದೊರೆತ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಮರಕ್ಕೆ ಬೆಲೆಯೇ ಇಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ಪ್ರಯೋಗದ ವ್ಯಾಪ್ತಿ ಬೆನ್ನು ಮತ್ತು ಪಕ್ಕೆಗಳಿಗೆ ಸೀಮಿತವಾದುದು. ಆದರೆ ಮರದ ಹೆಸರು ಕೇಳಿಯೇ ನಾದವನ್ನು ಹೊಗಳುವ ವಿಮರ್ಶೆಗೆ ಇದು ತಕ್ಕ ಎಚ್ಚರಿಕೆ.

ಆಸ್ಟ್ರೇಲಿಯದ ಗ್ರೆಗ್ ಸ್ಮಾಲ್‌ಮನ್ ಅವರದು ಬೇರೆ ಬಗೆಯ ಉಲ್ಲಂಘನೆ. ಅವರು ಮೇಲ್ಹಲಗೆಯನ್ನು ಅತಿ ತೆಳುವಾಗಿಸಿ, ಬಾಲ್ಸಾ ಮರ ಮತ್ತು ಕಾರ್ಬನ್ ನಾರಿನ ಜಾಲರಿಯಿಂದ ಅದಕ್ಕೆ ಒಳಗಿನಿಂದ ಆಧಾರ ಕೊಟ್ಟರು, ಬೆನ್ನನ್ನು ಭಾರವಾಗಿಸಿದರು. ಹಗುರವಾದ ಹಲಗೆ ಸುಲಭವಾಗಿ ಕಂಪಿಸುವುದರಿಂದ ಧ್ವನಿ ದೊಡ್ಡ ಸಭಾಂಗಣದಲ್ಲಿಯೂ ತಲಪುತ್ತದೆ. ಜಾನ್ ವಿಲಿಯಮ್ಸ್‌ರಂಥ ವಾದಕರು ಇವನ್ನು ಒಪ್ಪಿಕೊಂಡದ್ದು ಸಕಾರಣವಾಗಿಯೇ ಇದೆ. ಇಲ್ಲಿ ವಿಮರ್ಶಕ ಕೇಳಬೇಕಾದುದು ತೋರೆಸನ ಗಿಟಾರಿನಂತೆ ನುಡಿಯುತ್ತದೆಯೇ ಎಂದಲ್ಲ. ಗಾತ್ರ ಹೆಚ್ಚಿದಾಗ ಸ್ವರಗಳ ಬಣ್ಣಗಳ ವೈವಿಧ್ಯ ಉಳಿಯಿತೇ ಎಂದು.

ಕೆನಡಾದ ಲಿಂಡಾ ಮ್ಯಾನ್ಜರ್ 1984ರಲ್ಲಿ ಪ್ಯಾಟ್ ಮೆಥೆನಿಗಾಗಿ ನಿರ್ಮಿಸಿದ 42 ತಂತಿಗಳ ‘ಪಿಕಾಸೊ’ ಗಿಟಾರನ್ನು ನಾದದಿಂದಷ್ಟೇ ಅಳೆಯಲಾಗದು. ಅಷ್ಟು ತಂತಿಗಳ ಎಳೆತವನ್ನು ಮೇಲ್ಹಲಗೆ ಕುಸಿಯದಂತೆ ತಾಳಿಕೊಳ್ಳಬೇಕು, ಆದರೆ ಮೂಕವಾಗುವಷ್ಟು ಬಿಗಿಯಾಗಬಾರದು. ಈ ವಾದ್ಯದ ಒಡಲನ್ನು ವಾದಕನ ಎದೆಯ ಕಡೆಗೆ ಕಿರಿದಾಗಿಸಿದ್ದು ಅಲಂಕಾರಕ್ಕಲ್ಲ. ಅದರಿಂದ ಗಿಟಾರು ಹಿಂದಕ್ಕೆ ವಾಲಿ, ತಂತಿಗಳು ವಾದಕನ ಕಣ್ಣಿಗೂ ಕೈಗೂ ಎಟಕುತ್ತವೆ. ವಿಶ್ವಮೋಹನ ಭಟ್ಟರ ಮೋಹನವೀಣೆಯಲ್ಲಿ ಗಿಟಾರಿನ ಒಡಲಿಗೆ ತರಬ್ ತಂತಿಗಳು ಸೇರಿದುದಕ್ಕೂ ಕಾರಣವಿದೆ: ಮೀಂಡಿನ ಎಳೆತಕ್ಕೆ ರಾಗದ ಸ್ವರಗಳ ಅನುರಣನ ಹಿನ್ನೆಲೆಯಾಗಬೇಕು. 1994ರ ಗ್ರ್ಯಾಮಿ ಪ್ರಶಸ್ತಿ ಸಂದದ್ದು ಸಂಗೀತಕ್ಕೆ. ಆ ಸಂಗೀತಕ್ಕೆ ಈ ರಚನೆ ಎಷ್ಟು ಅನಿವಾರ್ಯವಾಗಿತ್ತು ಎಂಬುದೇ ವಾದ್ಯವಿಮರ್ಶೆಯ ಪ್ರಶ್ನೆ.

ಕಸುಬಿನ ಪರೀಕ್ಷೆಯಲ್ಲಿ ಹೊಳಪಿಗೂ ಕೆತ್ತನೆಗೂ ಕೊನೆಯ ಸ್ಥಾನ. ದಂಡಿಯ ಜೋಡಣೆ ಭದ್ರವಾಗಿದೆಯೇ, ಮೆಟ್ಟಿಲುಗಳಲ್ಲಿ ಸ್ವರಸ್ಥಾನ ನಿಖರವಾಗಿದೆಯೇ, ಕುದುರೆ ಮೇಲೇಳದೆ ನಿಂತಿದೆಯೇ, ಋತುಮಾನದ ತೇವಕ್ಕೆ ಹಲಗೆ ಸೀಳದೆ ಉಳಿದಿದೆಯೇ ಎಂಬಿವು ಮೊದಲು ಬರುತ್ತವೆ. ಇವುಗಳಲ್ಲಿ ಕೆಲವಕ್ಕೆ ಕಾಲವೇ ಉತ್ತರಿಸಬೇಕು.

ಈ ಚರ್ಚೆ ಕರ್ನಾಟಕಕ್ಕೆ ಹೊರಗಿನದೇನಲ್ಲ. ಗಿಟಾರಿನ ಬೆನ್ನಿಗೆ ಜಗತ್ತಿನಾದ್ಯಂತ ಬಳಕೆಯಾಗುವ ಭಾರತೀಯ ಬೀಟೆ ನಮ್ಮ ಪಶ್ಚಿಮ ಘಟ್ಟಗಳ ಮರ. ಅದು ಸೇರಿದ ಡಾಲ್ಬರ್ಜಿಯ ಕುಲದ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಕಣ್ಣಿನ ಪೂರ್ವಗ್ರಹ ಕಿವಿಯ ಪ್ರಮಾಣವೆಂದು ಚಲಾವಣೆಯಾದರೆ ಅದರ ಬೆಲೆ ತೆರುವುದು ಕಾಡು. ಹೊಸ ಮರ, ಹೊಸ ರಚನೆಗಳಿಗೆ ಕೈಹಾಕಿದ ಕಸುಬುದಾರನೂ ಅದರಿಂದ ವಂಚಿತನಾಗುತ್ತಾನೆ. ಆದ್ದರಿಂದ ವಾದ್ಯಗಳನ್ನು ದಾಖಲಿಸುವಾಗ ಕೇಳಿದ್ದನ್ನೂ ಕಂಡದ್ದನ್ನೂ ತಯಾರಕ ಉದ್ದೇಶಿಸಿದ್ದನ್ನೂ ಪ್ರತ್ಯೇಕವಾಗಿ ಬರೆಯುವುದು ವಿಮರ್ಶೆಯ ಕನಿಷ್ಠ ಶಿಸ್ತಾಗಬೇಕು.