ಬಿಗಿಯಾದ ನಾಬ್ ಶ್ರುತಿ ಕಾಯುವುದಿಲ್ಲ

ಹೆಡ್‌ಲೆಸ್ ಗಿಟಾರಿನ ಶ್ರುತಿ ಮಾಡುವ ನಾಬ್ ಬಿಗಿಯಾಗಿದ್ದರೆ ಒಳ್ಳೆಯದೇ, ಶ್ರುತಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಗ್ರೀಸ್ ಹಾಕಿದರೆ ತಂತಿ ಸಡಿಲವಾಗುತ್ತದೆ ಎಂಬ ಹೆದರಿಕೆಯೂ ಅದರ ಬೆನ್ನಿಗೇ ಬರುತ್ತದೆ. ಎರಡೂ ತಪ್ಪು.

ಈ ನಂಬಿಕೆ ಬಿರಡೆಯ ವಾದ್ಯಗಳಿಗೆ ಸಲ್ಲುತ್ತದೆ. ವೀಣೆ, ತಂಬೂರಿಯ ಮರದ ಬಿರಡೆ ತೂತಿನಲ್ಲಿ ಕಚ್ಚಿಕೊಂಡೇ ತಂತಿಯನ್ನು ಹಿಡಿಯಬೇಕು. ಜಾರಿದರೆ ಸೀಮೆಸುಣ್ಣ ತಿಕ್ಕುತ್ತೇವೆ. 1980ರ ಹೊತ್ತಿಗೆ ನೆಡ್ ಸ್ಟೈನ್‌ಬರ್ಗರ್ ಬೇಸ್ ಗಿಟಾರಿನ ತಲೆಯನ್ನೇ ತೆಗೆದು, ಶ್ರುತಿ ಮಾಡುವ ಭಾಗವನ್ನು ಬ್ರಿಡ್ಜ್ ಕಡೆಗೆ ತಂದರಲ್ಲ, ಆ ಏರ್ಪಾಡಿನ ಲೆಕ್ಕವೇ ಬೇರೆ. ಇಲ್ಲಿ ತಂತಿಯನ್ನು ನೇರವಾಗಿ ಹಿಂದಕ್ಕೆ ಎಳೆಯುವುದು ನಾಬಿನ ಸ್ಕ್ರೂ. ಸಾಮಾನ್ಯ 4 ಮಿ.ಮೀ. ಸ್ಕ್ರೂ ಒಂದು ಸುತ್ತಿಗೆ ಸರಿಯುವುದು 0.7 ಮಿ.ಮೀ. ಮಾತ್ರ. ಥ್ರೆಡ್ಡಿನ ಇಳಿಜಾರು ಅಷ್ಟು ಕಡಿಮೆ ಇರುವಾಗ, ಗ್ರೀಸ್ ಸವರಿದ ಮೇಲೂ ತಂತಿಯ ಎಳೆತಕ್ಕೆ ಸ್ಕ್ರೂ ತಾನಾಗಿ ಹಿಂದೆ ತಿರುಗುವುದಿಲ್ಲ.

ಹಾಗಾದರೆ ಬಿಗಿ ಏಕೆ? 10-46 ಗೇಜಿನ ತಂತಿಗಳ ಸೆಟ್ಟಿನಲ್ಲಿ ಒಂದೊಂದು ತಂತಿಯೂ 7ರಿಂದ 9 ಕಿಲೋ ಎಳೆಯುತ್ತದೆ. ಆ ಭಾರ ಥ್ರೆಡ್ಡಿನ ಮೇಲೂ, ನಾಬ್ ಒರಗಿ ತಿರುಗುವ ಜಾಗದ ಮೇಲೂ ಕೂರುತ್ತದೆ. ಅಲ್ಲಿ ಉಜ್ಜಾಟ ಹೆಚ್ಚಿದರೆ ತಂತಿ ಹಿಡಿದ ಪುಟ್ಟ ಬ್ಲಾಕ್ ಅಂಟಿ ನಿಂತು, ಬಲ ಹಾಕಿದಾಗ ಟಕ್ಕನೆ ಮುಂದೆ ಹಾರುತ್ತದೆ. ಬೇಕಾದ ಸ್ವರ ದಾಟಿ ಹೋಗುತ್ತದೆ. ಇದನ್ನು ಶ್ರುತಿಯ ಭದ್ರತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಗಿಟಾರಿನ ಮೂರನೇ ತಂತಿಯ ನಾಬನ್ನು ರಿಪೇರಿಯವರೊಬ್ಬರು ಇಕ್ಕಳದಲ್ಲಿ ತಿರುಗಿಸಿದ್ದರು. ಬೆರಳಿಗೆ ಹಿಡಿತ ಕೊಡುವ ಗೀರುಗಳೆಲ್ಲ ನೆಗ್ಗಿದವು, ಬಿಗಿ ಹಾಗೇ ಉಳಿಯಿತು. ಇಡೀ ಬ್ರಿಡ್ಜ್ ಬದಲಿಸಿ ಎಂದೂ ಹೇಳಿದರು. ಮನೆಗೆ ಬಂದು ತಂತಿ ಪೂರ್ತಿ ಸಡಿಲಿಸಿ ಬಿಚ್ಚಿದೆ. ಥ್ರೆಡ್ಡಿನ ತುಂಬ ಕಾಡಿಗೆಯಂಥ ಕಪ್ಪು: ಬೆವರು, ಧೂಳು, ಸವೆದ ಲೋಹದ ಪುಡಿ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಥ್ರೆಡ್ಡಿಗೂ ನಾಬಿನ ಒರಗುವ ಮುಖಕ್ಕೂ ಸಾಸಿವೆ ಕಾಳಿನಷ್ಟು ಗ್ರೀಸ್, ನಡುವೆ ತೆಳು ನೈಲಾನ್ ವಾಷರ್. ಸ್ಪ್ರೇ ಎಣ್ಣೆ ಮುಟ್ಟಲಿಲ್ಲ. ಅದು ಹರಿದು ಮರದೊಳಗೆ ಇಳಿಯುತ್ತದೆ.

ಸ್ಕ್ರೂ ಬಾಗಿದ್ದರೆ, ಥ್ರೆಡ್ ಸವೆದಿದ್ದರೆ ಗ್ರೀಸಿನಿಂದ ಪ್ರಯೋಜನವಿಲ್ಲ. ಆಗ ಆ ಒಂದು ಬಿಡಿಭಾಗ ಬದಲಿಸಬೇಕು. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ಈಗ ಎರಡು ಬೆರಳು ಸಾಕು, ಟ್ಯೂನರಿನ ಮುಳ್ಳು ಕೂದಲೆಳೆಯಷ್ಟೇ ಸರಿದು ಸ್ವರದ ಮೇಲೆ ನಿಲ್ಲುತ್ತದೆ. ತಂತಿ ಎಷ್ಟು ಬಗ್ಗಿಸಿ ಬಾರಿಸಿದರೂ ನಾಬ್ ಕದಲಿಲ್ಲ.