ಲಾಯದ ಪಕ್ಕದ ಕೋಣೆ

ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ (1937) ಗೆಳೆತನದ ಕಾದಂಬರಿ ಎಂದೇ ಹೆಸರುವಾಸಿ. ಕ್ಯಾಲಿಫೋರ್ನಿಯಾದ ಜಮೀನುಗಳಲ್ಲಿ ಕೂಲಿ ಹುಡುಕಿ ಅಲೆಯುವ ಜಾರ್ಜ್. ಅವನ ಬೆನ್ನಿಗೇ ಬರುವ, ಮೈಯಲ್ಲಿ ಗೂಳಿ, ಬುದ್ಧಿಯಲ್ಲಿ ಮಗುವಾದ ಲೆನ್ನಿ. ತುಂಡು ನೆಲ ಕೊಂಡು ಮೊಲ ಸಾಕುವ ಕನಸು. ಈ ಜೋಡಿಯ ಮೇಲೆಯೇ ಕಣ್ಣು ನೆಟ್ಟರೆ ಪುಸ್ತಕದ ಕಟುವಾದ ಮಾತು ತಪ್ಪಿಹೋಗುತ್ತದೆ. ಅದು ಇರುವುದು ನಾಲ್ಕನೆಯ ಅಧ್ಯಾಯದಲ್ಲಿ, ಲಾಯ ನೋಡಿಕೊಳ್ಳುವ ಕ್ರುಕ್ಸ್‌ನ ಕೋಣೆಯಲ್ಲಿ.

ಕ್ರುಕ್ಸ್ ಕಪ್ಪು ಜನಾಂಗದವನು, ಬೆನ್ನು ಡೊಂಕಾದವನು. ಉಳಿದ ಆಳುಗಳ ಜೊತೆ ಮಲಗುವಂತಿಲ್ಲ, ಇಸ್ಪೀಟಿಗೆ ಕೂರುವಂತಿಲ್ಲ. ಅವನ ಕೋಣೆಯಲ್ಲೊಂದು ಹರಿದ ನಿಘಂಟು, 1905ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ ಜೀರ್ಣ ಪ್ರತಿ. ತನ್ನ ಹಕ್ಕೇನು ಎಂದು ಓದಿಕೊಂಡಿದ್ದಾನೆ, ಕೇಳುವ ಕಿವಿಗಳಿಲ್ಲ. ಶನಿವಾರ ರಾತ್ರಿ ಗಂಡಾಳುಗಳು ಪೇಟೆಗೆ ಹೋದಾಗ ಲೆನ್ನಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಮೊದಲು ಗದರಿದ ಕ್ರುಕ್ಸ್ ಆಮೇಲೆ ಕೂರಿಸಿಕೊಳ್ಳುತ್ತಾನೆ. ಎಷ್ಟೋ ವರ್ಷಕ್ಕೆ ಸಿಕ್ಕ ಜೊತೆ. ಅದನ್ನು ಏನು ಮಾಡುತ್ತಾನೆ? ಜಾರ್ಜ್ ವಾಪಸ್ ಬರದೇ ಹೋದರೆ ನಿನ್ನ ಗತಿಯೇನು ಎಂದು ಚುಚ್ಚಿ ಚುಚ್ಚಿ ಹಿಂಸಿಸುತ್ತಾನೆ. ತಾನು ಉಂಡ ನೋವನ್ನು ಇನ್ನೊಬ್ಬನ ಬಾಯಿಗೂ ತುರುಕುವ ಸುಖ ಅದು. ಲೆನ್ನಿ ಕೆರಳಿ ಎದ್ದುನಿಂತಾಗಲೇ ಕ್ರುಕ್ಸ್ ಮೆತ್ತಗಾಗುವುದು, ತನ್ನ ಒಂಟಿತನವನ್ನು ಬಾಯಿಬಿಟ್ಟು ಹೇಳುವುದು.

ಮುದುಕ ಕ್ಯಾಂಡಿಯೂ ಬಂದು ಕೂತಮೇಲೆ ಕನಸು ಅಂಟುಜಾಡ್ಯದಂತೆ ಕ್ರುಕ್ಸ್‌ಗೂ ತಗುಲುತ್ತದೆ. ಕೂಲಿ ಬೇಡ, ಹೊಟ್ಟೆಗಿಷ್ಟು ಸಾಕು, ನಾನೂ ಬರುತ್ತೇನೆ ಅನ್ನುತ್ತಾನೆ. ಅಷ್ಟರಲ್ಲಿ ಯಜಮಾನನ ಸೊಸೆ, ಕರ್ಲಿಯ ಹೆಂಡತಿ, ಬರುತ್ತಾಳೆ. ಮಾತಿಗೆ ಹಂಬಲಿಸಿ ಬಂದವಳು. ಹೊರಹೋಗು ಅನ್ನಿಸಿಕೊಂಡ ಕೂಡಲೇ ತನ್ನ ಒಂದು ಮಾತಿಗೆ ಕ್ರುಕ್ಸ್ ಮರಕ್ಕೆ ನೇತಾಡುತ್ತಾನೆಂದು ಬೆದರಿಸುತ್ತಾಳೆ. ಅವಳು ಹೋದಮೇಲೆ ಕ್ರುಕ್ಸ್ ತನ್ನ ಮಾತನ್ನು ಹಿಂತೆಗೆದುಕೊಳ್ಳುತ್ತಾನೆ, ತಮಾಷೆಗೆ ಅಂದೆ ಎಂದು. ಒಂಟಿಗಳೆಲ್ಲ ಒಂದಾಗುತ್ತಾರೆಂಬ ನಮ್ಮ ಭಾವುಕ ನಿರೀಕ್ಷೆಗೆ ಇದಕ್ಕಿಂತ ನಿಷ್ಠುರ ಉತ್ತರವನ್ನು ನಾನು ಓದಿಲ್ಲ. ಒಂಟಿತನಕ್ಕೂ ಇಲ್ಲಿ ಮೇಲು-ಕೀಳಿನ ಮೆಟ್ಟಿಲುಗಳಿವೆ. ಪ್ರತಿಯೊಬ್ಬರೂ ಒದೆಯುವುದು ಕೆಳಗಿನ ಮೆಟ್ಟಿಲಿಗೆ.

ಹೀಗೆ ನೋಡಿದರೆ ಜಾರ್ಜ್‌ನ ಗೆಳೆತನವೂ ಅಷ್ಟು ಸರಳವಲ್ಲ. ಲೆನ್ನಿಗೆ ಅರ್ಥವಾಗದು, ನೆನಪಿರದು. ಅದೇ ಕಾರಣಕ್ಕೆ ಅವನೆದುರು ಏನನ್ನೂ ಹೇಳಬಹುದು. ಬೇಕಾಗಿರುವುದು ಗೆಳೆಯನೋ, ಎದುರಿಗೊಂದು ಮುಖವೋ? ಸುತ್ತ ಜನರಿದ್ದಾಗಲೂ ಜಾರ್ಜ್ ಒಬ್ಬನೇ ಇಸ್ಪೀಟೆಲೆಗಳನ್ನು ಹಾಸಿಕೊಂಡು ಆಡುತ್ತಿರುತ್ತಾನೆ. ಸ್ಟೈನ್‌ಬೆಕ್ ಇದನ್ನು ವಿವರಿಸುವುದಿಲ್ಲ. ಒಳ್ಳೆಯದಾಯಿತು.

ಎಡವುವುದು ಕರ್ಲಿಯ ಹೆಂಡತಿಯ ವಿಷಯದಲ್ಲಿ. ಆಳುಗಳಿಗೆಲ್ಲ ಹೆಸರಿದೆ, ಅವಳಿಗಿಲ್ಲ. ಸಿನಿಮಾ ನಟಿಯಾಗಬೇಕಿದ್ದ ಆಸೆಯನ್ನು ಅವಳು ಮನಬಿಚ್ಚಿ ಹೇಳಿಕೊಳ್ಳುವುದೂ ಲೆನ್ನಿಯ ಕೈಯಲ್ಲಿ ಸಾಯುವ ಗಳಿಗೆಗೆ ಸ್ವಲ್ಪ ಮುಂಚೆ. ಸತ್ತಮೇಲೆ ಅವಳ ಮುಖ ಮುಗ್ಧವಾಗಿ ಕಂಡಿತೆಂದು ಲೇಖಕ ಬರೆಯುವಾಗ ನನಗೆ ಕಸಿವಿಸಿ. ಬದುಕಿದ್ದಾಗ ಕೊಡದ ಅನುಕಂಪ ಹೆಣಕ್ಕೆ ಸಿಕ್ಕಿದೆ. ಮುಂದೆ, ಕಾದಂಬರಿಯ ನಾಟಕರೂಪದಲ್ಲಿ ಆ ಪಾತ್ರ ಮಾಡಿದ ಕ್ಲೇರ್ ಲೂಸ್‌ಗೆ 1938ರಲ್ಲಿ ಪತ್ರ ಬರೆದು ಅವಳು ಕೆಟ್ಟವಳಲ್ಲ ಎಂದು ಸ್ಟೈನ್‌ಬೆಕ್ ಸಮಜಾಯಿಷಿ ಕೊಟ್ಟ. ಆ ಪತ್ರದ ಹೆಂಗಸು ಕಾದಂಬರಿಯಲ್ಲಿ ಕಾಲು ಭಾಗವೂ ಕಾಣುವುದಿಲ್ಲ.

ಇನ್ನು ಸ್ಲಿಮ್. ಎಲ್ಲರನ್ನೂ ಅರ್ಥಮಾಡಿಕೊಳ್ಳುವ, ಯಾರ ಹಂಗೂ ಬೇಕಿಲ್ಲದ ಹೇಸರಗತ್ತೆ ಸಾರಥಿ. ಇಡೀ ಜಮೀನಿನಲ್ಲಿ ಒಂಟಿತನ ಮುಟ್ಟದ ಗಂಡಸು ಇವನೊಬ್ಬನೇ. ನನಗೆ ನಂಬಿಕೆ ಬಾರದ ಪಾತ್ರವೂ ಇದೊಂದೇ.